ಹನ್ನೆರಡನೆಯ ಹಾಳೆ

ತಾರೀಖು ೧೪, ಭಾನುವಾರ
ಮಧ್ಯಾಹ್ನ

ಮಕ್ಕಳ ಅಪ್ಪನಿಗೆ,

ಮಕ್ಕಳ ಎಂದೇ ಬರೆದಿದ್ದೇನೆ. ಒಂದೇ ಮಗುವಿನ ಅಪ್ಪ ಎಂದು ಬರೆಯಲು ಕೈ ಏಳಲಿಲ್ಲ.

ಇವತ್ತೂ ಹನ್ನೊಂದಕ್ಕೆ ಸರಿಯಾಗಿ ನಿಮ್ಮ ಫೋನು ಬಂತು. ಎಂದಿನ ಹಾಗೆ ಮಗಳು ಅದನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಬಾಗಿಲ ಹಿಂದೆ ಕೂತಳು. ನೀವು ಗೋದಾಮಿನ ನಾಯಿ ಮರಿ ಹಾಕಿದ್ದು, ನಿಮ್ಮ ಜೊತೆಯ ಕಾವಲುಗಾರ ಕೂತಲ್ಲೇ ಗೊರಕೆ ಹೊಡೆಯುವುದು ಎಲ್ಲ ಹೇಳಿದಿರಿ, ಅವಳು ಉಸಿರಾಡಿದಳು. ಎರಡು ವರ್ಷದಿಂದ ನಿಮ್ಮಿಬ್ಬರ ಭಾನುವಾರ ಹೀಗೇ ನಡೆದಿದೆ. ಆದರೆ ಇವತ್ತು ನೀವು ಫೋನು ಇಟ್ಟ ಮೇಲೆ ಅವಳು ಎದ್ದು ಬಂದು ನನ್ನ ಮುಂದೆ ನಿಂತು ನೋಡಿದಳು. ಕಾಗದ, ಪೆನ್ನು ತಂದು ಮೇಜಿನ ಮೇಲಿಟ್ಟಳು. ಹಾಗಾಗಿ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದು ಇಷ್ಟು: ನಮ್ಮ ರೇಡಿಯೋ ಮಾತು ಬಿಟ್ಟಿದ್ದಾಳೆ. ಆ ಹೆಸರಿಟ್ಟವರು ನೀವೇ. ಕಣ್ಣುಬಿಟ್ಟ ಕ್ಷಣ ಶುರುವಾದರೆ ಈ ಸ್ಟೇಷನ್ ಮುಚ್ಚೋದೇ ಇಲ್ಲ ಎಂದು ನಗುತ್ತಿದ್ದಿರಿ. ಅವಳ ತಮ್ಮ ಅಂಗಳದ ನೀರಿನ ತೊಟ್ಟಿಗೆ ಬಿದ್ದು ತೀರಿಹೋದ ದಿನ ಅದು ಮುಚ್ಚಿತು. ಆಗ ಅವಳಿಗೆ ಎಂಟು ವರ್ಷ. ಆಘಾತಕ್ಕೆ ಮಾತು ನಿಂತಿದೆ, ತಾನಾಗಿ ಬರುತ್ತದೆ ಎಂದರು ಡಾಕ್ಟರು. ಶಾಲೆಯಲ್ಲೂ ನೆಂಟರಲ್ಲೂ ನಾನು ಅದನ್ನೇ ಹೇಳಿಕೊಂಡು ಬಂದೆ.

ಒಂದು ವರ್ಷದಿಂದ ಅವಳು ನಮ್ಮ ಆಸ್ಪತ್ರೆಯ ಚಿತ್ರದ ಕೋಣೆಗೆ ಹೋಗುತ್ತಿದ್ದಾಳೆ. ಇದನ್ನು ನಿಮಗೆ ಹೇಳಿರಲಿಲ್ಲ. ನಾನು ಕೆಲಸ ಮಾಡುವ ಬಟ್ಟೆ ಒಗೆಯುವ ವಿಭಾಗ ನಿಮಗೆ ಗೊತ್ತಲ್ಲ, ನೆಲಮಾಳಿಗೆಯಲ್ಲಿ. ಅದರ ಪಕ್ಕದ ಕೋಣೆಯಲ್ಲಿ ಮೊದಲು ಮುರಿದ ಮಂಚಗಳನ್ನು ಒಟ್ಟಿದ್ದರು. ಅದನ್ನು ಖಾಲಿ ಮಾಡಿಸಿ, ಉದ್ದನೆಯ ಒಂದು ಮೇಜು ಹಾಕಿ, ಬಣ್ಣ, ಬ್ರಶ್ಶು, ಜೇಡಿಮಣ್ಣು ಇಟ್ಟರು. ಮನಸ್ಸಿಗೆ ಪೆಟ್ಟಾದವರು ಬಂದು ಚಿತ್ರ ಬರೆಯುವುದು, ಅದೇ ಚಿಕಿತ್ಸೆ ಎಂದಾಗ ಇಸ್ತ್ರಿ ಮಾಡುವ ನಾವೆಲ್ಲ ನಕ್ಕಿದ್ದೆವು. ನಮಗೂ ಒಂದು ಡಬ್ಬಿ ಬಣ್ಣ ಕೊಟ್ಟರೆ ಬೆನ್ನುನೋವು ಹೋಗುತ್ತೇನೋ ಅಂತ.

ಅಲ್ಲಿಯ ಮೇಡಂಗೆ ಅರವತ್ತರ ಹತ್ತಿರ. ಗಿಡ್ಡ ಹೆಂಗಸು, ಕತ್ತರಿಸಿದ ನರೆಗೂದಲು. ಇಪ್ಪತ್ತು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದು, ಆಮೇಲೆ ಈ ವಿದ್ಯೆ ಕಲಿತವರಂತೆ. ಮೊದಲ ದಿನವೇ ನನಗೆ ಹೇಳಿದರು: “ನೋಡಮ್ಮ, ಈ ಕೋಣೇಲಿ ಯಾರೂ ಚೆನ್ನಾಗಿದೆ ಅನ್ನೋ ಹಾಗಿಲ್ಲ. ಚೆನ್ನಾಗಿಲ್ಲ ಅನ್ನೋ ಹಾಗೂ ಇಲ್ಲ. ಇದೇನು ಅಂತ ಕೇಳೋದಂತೂ ಬೇಡವೇ ಬೇಡ.” ಮತ್ತೆ ನೀವೇನು ಮಾಡುತ್ತೀರಿ ಎಂದು ಕೇಳಿದೆ. “ಬ್ರಶ್ ತೊಳೀತೀನಿ,” ಎಂದರು.

ಮೊದಲ ಎರಡು ತಿಂಗಳು ಮಗಳು ಸ್ಕೇಲು ಹಿಡಿದು ಬರೀ ಗೆರೆ ಎಳೆದಳು. ಆಮೇಲೆ ಆ ಗೆರೆಗಳು ಜೋಡಿಯಾದವು, ನೋಡಿದರೆ ಪೈಪು. ಪ್ಲಂಬರ್ ಆಗಿದ್ದಾಗ ನೀವು ಕಲಿಸಿದ್ದೆಲ್ಲ ಅವಳಿಗೆ ನೆನಪಿತ್ತು ರೀ. ಎಲ್ಲಿ ಬಾಗುತ್ತದೋ ಅಲ್ಲಿ ಎಲ್ಬೋ, ಎಲ್ಲಿ ಕವಲಾಗುತ್ತದೋ ಅಲ್ಲಿ ಟೀ, ಜೋಡಣೆಗೆ ಸುತ್ತಿದ ಬಿಳಿ ಟೇಪು ಕೂಡ. ಒಂದು ಹಾಳೆ ಮುಗಿದರೆ ಪೈಪು ಪಕ್ಕದ ಹಾಳೆಗೆ ಹೋಗುತ್ತಿತ್ತು. ಮೇಡಂ ಹಾಳೆಗಳನ್ನು ಗೋಡೆಗೆ ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರು. ಅಪ್ಪನ ನೆನಪಾಗಿದೆ, ಪಾಪ, ಎಂದುಕೊಂಡೆ. ನನಗೆ ಒಂದು ಥರ ಸಮಾಧಾನವೂ ಆಯಿತು. ಹನ್ನೊಂದು ಹಾಳೆ ಹೀಗೆ ಗೋಡೆಯ ಉದ್ದಕ್ಕೂ ನಡೆದ ಪೈಪು ಒಂದು ಕಟ್ಟಡದ ಬುಡಕ್ಕೆ ಬಂತು, ಗೋಡೆ ಹತ್ತಿತು. ಹನ್ನೆರಡನೆಯ ಹಾಳೆಯಲ್ಲಿ ಒಂದು ಅಡುಗೆಮನೆಯೊಳಗೆ ನುಗ್ಗಿ, ಸಿಂಕಿನ ನಲ್ಲಿಯಾಗಿ ನಿಂತಿತು. ಸಿಂಕಿನ ಮೇಲೆ ಕಿಟಕಿ. ಕಿಟಕಿಯಲ್ಲಿ ಒಬ್ಬ ಹೆಂಗಸು, ಬೆನ್ನು ಮಾತ್ರ. ಬೆನ್ನ ಮೇಲೆ ಜಡೆ. ಒಂದು ಕೈ ಮೇಲಕ್ಕೆತ್ತಿದೆ, ಯಾರಿಗೋ ಆಯ್ತು ಎನ್ನುವ ಹಾಗೆ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಆ ಹೆಂಗಸು ನಾನು.

ಆ ಶನಿವಾರ ನೀವು ಕೂಗಿದ್ದಿರಿ. ನನಗೆ ಕೇಳಿಸಿತ್ತು.

ಈ ಎರಡು ಸಾಲು ಬರೆದು ಎದ್ದು ಹೋಗಿ ಮುಖ ತೊಳೆದು ಬಂದೆ. ಉಳಿದದ್ದನ್ನೂ ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ನಾವು ಜಗಳವಾಡಿದ್ದು ನಿಮಗೆ ನೆನಪಿರಬೇಕು. ರಜೆಯ ದಿನವೂ ಕಟ್ಟಡದವರ ಕೆಲಸಕ್ಕೆ ಹೊರಟಿರಿ ಎಂದು ನಾನು ಹಾರಾಡಿದೆ. ಕಂಡವರ ಮನೆ ನಲ್ಲಿ ಎಲ್ಲ ರಿಪೇರಿ ಮಾಡುತ್ತೀರಿ, ನಮ್ಮನೆಯದು ಮಾತ್ರ ತೊಟಕ್ ತೊಟಕ್ ಅಂತ ಆರು ತಿಂಗಳಿಂದ ಸೋರುತ್ತಿದೆ ಎಂದೆ. ನೀವು ಚಪ್ಪಲಿ ಮೆಟ್ಟಿಕೊಂಡು ಹೋದಿರಿ. ಗೋಲಿ ತನ್ನ ಮೂರು ಚಕ್ರದ ಸೈಕಲ್ಲು ಎಳೆದುಕೊಂಡು ನಿಮ್ಮ ಹಿಂದೆಯೇ ಇಳಿದ. ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುವವನು, ಅದಕ್ಕೇ ಗೋಲಿ. ಮೂರೂವರೆ ವರ್ಷ.

ನಾನು ಅಡುಗೆಮನೆಯಲ್ಲಿದ್ದೆ. ಮಗಳು ನನ್ನ ಹಿಂದೆ ಊಟದ ಮೇಜಿನಲ್ಲಿ ಲೆಕ್ಕ ಮಾಡುತ್ತಿದ್ದಳು. ನೀವು ಅಂಗಳದಿಂದ ಕೂಗಿದಿರಿ: “ಏ, ಇಲ್ಲಿ ನೋಡು! ತೊಟ್ಟಿ ಮುಚ್ಚಳ ತೆಗ್ದಿದೀನಿ. ಇವನನ್ನ ನೋಡ್ಕೋ, ಕೆಳಗಿಳಿದು ಬಾ. ಅಂಗಡಿಯಿಂದ ವಾಲ್ವ್ ತಗೊಂಡು ಐದು ನಿಮಿಷದಲ್ಲಿ ಬಂದೆ.” ಒಂದು ಅಕ್ಷರವೂ ತಪ್ಪಿಲ್ಲದೆ ಕೇಳಿಸಿತು. ಕಿಟಕಿಗೆ ಬಂದೆ. ಮುಚ್ಚಳ ಪಕ್ಕಕ್ಕೆ ಸರಿದಿದ್ದು ಕಂಡಿತು. ಗೋಲಿ ಸೈಕಲ್ಲಿನ ಮೇಲೆ ಕೂತು ನಿಮ್ಮ ಕಾಲಿಗೆ ಡಿಕ್ಕಿ ಹೊಡೆಯುತ್ತಿದ್ದದ್ದೂ ಕಂಡಿತು. ಕೈ ಎತ್ತಿ “ಆಯ್ತು, ಹೋಗಿ” ಎಂದೆ. ನೀವು ಹೋದಿರಿ.

ಇಳಿದು ಹೋಗಬೇಕಿತ್ತು. ಕೈಯಲ್ಲಿ ತಳ ಹಿಡಿದ ಒಂದು ಪಾತ್ರೆ ಇತ್ತು. ಇದೊಂದು ಉಜ್ಜಿ ಹೋಗುತ್ತೇನೆ ಎಂದುಕೊಂಡೆ. ಕಾರಣ ಇದೊಂದೇ ಆಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಒಳಗೆ ಸಿಟ್ಟಿತ್ತು. ಕರೆದ ತಕ್ಷಣ ಓಡುವುದಕ್ಕೆ ನಾನೇನು ಇವರ ಆಳೇ, ತಡವಾದರೆ ಆಗಲಿ, ಎಂದುಕೊಂಡು ಉಜ್ಜಿದೆ. ಪಾತ್ರೆ ಬೆಳ್ಳಗಾಯಿತು. ನೀರಲ್ಲಿ ತೊಳೆದು ಬೋರಲು ಹಾಕಿದೆ. ಕೈ ಒರೆಸಿಕೊಂಡು ಕಿಟಕಿಗೆ ಬಂದಾಗ ಅಂಗಳದಲ್ಲಿ ಸೈಕಲ್ಲು ಒಂದೇ ಇತ್ತು.

ಆಮೇಲಿನದು ನಿಮಗೆ ಗೊತ್ತು. ಅವನನ್ನು ಮೇಲೆತ್ತಿದವರು ನೀವು.

ಪೊಲೀಸರು ಬಂದು ಕೇಳಿದಾಗ ನೀವು ಹೇಳಿದಿರಿ, ಕೂಗಿ ಹೇಳಿ ಹೋಗಿದ್ದೆ ಸಾರ್, ಇವಳು ಆಯ್ತು ಅಂದಳು, ಎಂದು. ಅವರು ನನ್ನ ಕಡೆ ತಿರುಗಿದರು. ನನ್ನಣ್ಣ ಇದ್ದ, ನಿಮ್ಮಮ್ಮ ಇದ್ದರು, ಇಡೀ ಕಟ್ಟಡವೇ ನಿಂತಿತ್ತು. ನನ್ನ ಬಾಯಿಂದ ತಾನಾಗಿ ಬಂತು: “ಇಲ್ಲ, ನಂಗೆ ಏನೂ ಕೇಳಿಸ್ಲಿಲ್ಲ. ನಲ್ಲಿ ಬಿಟ್ಟಿದ್ದೆ.” ನೀವು ನನ್ನ ಮುಖ ನೋಡಿದಿರಿ. ಸಿಟ್ಟಿರಲಿಲ್ಲ ಅದರಲ್ಲಿ. ದಾರಿ ತಪ್ಪಿದವರು ಗುರುತಿನವರನ್ನು ನೋಡುವ ಹಾಗೆ ನೋಡಿದಿರಿ. ಅಣ್ಣ ನಿಮ್ಮ ಕೆನ್ನೆಗೆ ಹೊಡೆದ. ನೀವು ಕೈ ಅಡ್ಡ ಕೂಡ ಹಿಡಿಯಲಿಲ್ಲ.

ಆ ಹೊತ್ತಿಗೆ ಹೆದರಿಕೆಯಿಂದ ಹೇಳಿದೆ ಎನ್ನಬಹುದು. ಆಮೇಲೆ? ಮೂರು ತಿಂಗಳು ನಾವು ಒಂದೇ ಮನೆಯಲ್ಲಿದ್ದೆವು. ಒಂದು ದಿನ ನೀವು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕೇಳಿದಿರಿ: “ನಿಜ ಹೇಳು. ನಾನು ಅವತ್ತು ಕೂಗಿದ್ನಾ?” ನಾನು, ನಿಮಗೇ ಗೊತ್ತಿರಬೇಕು, ಎಂದೆ. ಒಂದು ವಾರ ಬಿಟ್ಟು ನೀವೇ ಅಂದಿರಿ: “ಕೂಗ್ಬೇಕು ಅಂದ್ಕೊಂಡು ಮರ್ತು ಹೋಗಿರ್ಬೇಕು. ತಲೇಲಿ ಅಂದ್ಕೊಂಡಿದ್ದನ್ನೇ ಕೂಗ್ದೆ ಅಂತ ತಿಳ್ಕೊಂಡೆ ಅನ್ಸುತ್ತೆ.” ಆಗ ನಾನು ಹಾಸಿಗೆಯ ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ. ಮಗನನ್ನು ಕಳೆದುಕೊಂಡ ಮನುಷ್ಯನಿಂದ ಅವನ ನೆನಪನ್ನೂ ಕಿತ್ತುಕೊಂಡೆ. ಕೇಸಿನಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೆ ನೀವು ನಿಮ್ಮನ್ನು ಬಿಡಲಿಲ್ಲ. ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಪೆಟ್ಟಿಗೆಯನ್ನೇ ಯಾರಿಗೋ ಕೊಟ್ಟು, ಬೇರೆ ಊರಲ್ಲಿ ಗೋದಾಮು ಕಾಯಲು ಹೋದಿರಿ. ಬಸ್ಸಿಗೆ ಹೊರಟಾಗ ನಾನು ಬಾಗಿಲವರೆಗೂ ಬರಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡಿರುತ್ತೀರಿ.

ಚಿತ್ರಕ್ಕೆ ಬರುತ್ತೇನೆ. ಹನ್ನೆರಡನೆಯ ಹಾಳೆ ಗೋಡೆಗೆ ಏರಿದ ದಿನವೇ, ಮೇಡಂ ಔಷಧಿ ಅಂಗಡಿಗೆ ಹೋದ ಹೊತ್ತು ನೋಡಿ ಅದನ್ನು ಕಿತ್ತು, ಹರಿದು, ಒಗೆಯುವ ಹಾಸುಬಟ್ಟೆಗಳ ಜೊತೆ ಮಷೀನಿಗೆ ಹಾಕಿಬಿಟ್ಟೆ. ಕಾಗದ ಕರಗಿ ನಲವತ್ತು ಹಾಸುಬಟ್ಟೆಗೆ ಹತ್ತಿಕೊಂಡಿತು. ಮೇಲ್ವಿಚಾರಕಿ ಎಲ್ಲರ ಮುಂದೆ ಬೈದರು. ಇಡೀ ಮಧ್ಯಾಹ್ನ ಬಿಳಿ ತುಣುಕುಗಳನ್ನು ಉಗುರಲ್ಲಿ ಕೆರೆದು ತೆಗೆದೆ.

ಮುಂದಿನ ವಾರ ಮಗಳು ಗೋಡೆಯ ಖಾಲಿ ಜಾಗ ನೋಡಿದಳಂತೆ. ಅಳಲಿಲ್ಲ, ಹುಡುಕಲಿಲ್ಲ. ಹೊಸ ಹಾಳೆ ತೆಗೆದುಕೊಂಡು ಅದೇ ಚಿತ್ರವನ್ನು ಅದೇ ಅಳತೆಯಲ್ಲಿ ಮತ್ತೆ ಬರೆದಳಂತೆ. ಕೇಳಿದ ತಕ್ಷಣ ನಾನು ಅವಳನ್ನು ಕಳಿಸುವುದನ್ನೇ ನಿಲ್ಲಿಸಿದೆ. ಶಾಲೆಯ ಪಾಠ ಹಿಂದೆ ಬೀಳುತ್ತಿದೆ ಎಂದು ನೆಪ ಹೇಳಿದೆ. ಐದು ವಾರ. ಆ ಐದು ವಾರದಲ್ಲಿ ಅವಳು ಊಟ ಕಮ್ಮಿ ಮಾಡಿದಳು. ಕಿವಿಯ ಹಿಂದಿನ ಕೂದಲನ್ನು ಒಂದೊಂದಾಗಿ ಕೀಳತೊಡಗಿದಳು. ಒಂದು ದಿನ ತಲೆ ಬಾಚುವಾಗ ಅಲ್ಲಿ ಹೆಬ್ಬೆರಳಗಲ ಬೋಳು ಕಂಡಿತು. ಆಗಲೂ ನಾನು ಮಾಡಿದ್ದೇನು ಗೊತ್ತೇ? ಕೂದಲನ್ನು ಆ ಕಡೆಗೆ ಬಾಚಿ ಮುಚ್ಚಿ ಶಾಲೆಗೆ ಕಳಿಸಿದೆ.

ಮೇಡಂ ತಾವಾಗಿ ಇಸ್ತ್ರಿ ಕೋಣೆಗೆ ಬಂದರು. ಆವಿಯ ಮಧ್ಯೆ ನಿಂತು, ಮಗಳು ಯಾಕೆ ಬರುತ್ತಿಲ್ಲ ಎಂದು ಕೇಳಲಿಲ್ಲ. ಹರಿದ ಚಿತ್ರದ ಮಾತೂ ಎತ್ತಲಿಲ್ಲ. “ನೀವೂ ಬನ್ನಿ,” ಎಂದರು. ನನಗೆ ಚಿತ್ರ ಬರುವುದಿಲ್ಲ ಎಂದೆ. “ಬರ್ದೇ ಇರೋರೇ ಬೇಕು. ಬರೋರು ಬಂದ್ರೆ ನಂಗೆ ಕಷ್ಟ, ಹೂವು ಬರೆದು ಕೊಟ್ಟು ತಪ್ಪಿಸ್ಕೊಂಡು ಹೋಗ್ತಾರೆ,” ಎಂದರು. ಜೊತೆಯವರೆಲ್ಲ ನಕ್ಕರು. ನನಗೂ ನಗು ಬಂದು, ಅದು ಅಳುವಾಗಿ, ಇಸ್ತ್ರಿಯ ಕೆಳಗಿದ್ದ ದಿಂಬಿನ ಚೀಲ ಸುಟ್ಟುಹೋಯಿತು.

ಹೀಗೆ ಮಗಳನ್ನು ಕರೆದುಕೊಂಡು ನಾನೂ ಹೋಗತೊಡಗಿದೆ. ಪ್ರತಿ ಗುರುವಾರ, ಕೆಲಸ ಮುಗಿದ ಮೇಲೆ ಒಂದು ಗಂಟೆ. ಅವಳ ಪಕ್ಕದಲ್ಲಿ ಕೂತು ನಾನು ಬರೆದದ್ದು ಪಾತ್ರೆ. ಮೊದಲ ದಿನ ಪಾತ್ರೆ, ಎರಡನೆಯ ದಿನ ಪಾತ್ರೆ. ಕಪ್ಪು ಬಣ್ಣ ಹಾಕುವುದು, ಒದ್ದೆ ಬಟ್ಟೆಯಲ್ಲಿ ಉಜ್ಜುವುದು, ಕಾಗದ ತೂತು ಬೀಳುವವರೆಗೆ. ಎಷ್ಟು ಹಾಳೆ ಹಾಗೆ ಹರಿದೆನೋ ಲೆಕ್ಕವಿಲ್ಲ. ಮೇಡಂ ಹೊಸ ಹಾಳೆ ಮುಂದಿಡುತ್ತಿದ್ದರು, ಅಷ್ಟೇ. ಮನೆಗೆ ಬಂದರೆ ತೋಳು ನೋಯುತ್ತಿತ್ತು. ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ನನಗೆ ವಾಸಿಯಾದ ಹಾಗೆ ಅನ್ನಿಸಲಿಲ್ಲ. ಒಳಗೆ ಬಿಗಿದಿದ್ದ ಏನೋ ಸಡಿಲವಾಗಿ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲೆಂದರಲ್ಲಿ ನಿಮ್ಮ ಕೂಗು ಕೇಳಿಸತೊಡಗಿತು. ಬಿಟ್ಟುಬಿಡುತ್ತೇನೆ ಮೇಡಂ, ಇದು ಮೊದಲಿಗಿಂತ ಕೆಟ್ಟದಾಗಿದೆ ಎಂದೆ. ಅವರು ಸುಟ್ಟಗಾಯದ ವಾರ್ಡಿನ ಮಾತು ಹೇಳಿದರು. ಕಟ್ಟಿದ ಪಟ್ಟಿ ಬಿಚ್ಚುವಾಗಲೇ ರೋಗಿಗಳು ಅವರನ್ನು ಬೈಯುತ್ತಿದ್ದದ್ದಂತೆ. ಬಿಚ್ಚದೆ ಬಿಟ್ಟರೆ ಒಳಗೇ ಕೊಳೆಯುತ್ತಿತ್ತಂತೆ.

ಕಳೆದ ಗುರುವಾರ ಮಗಳು ಮತ್ತೆ ಕಿಟಕಿಯನ್ನು ಬರೆದಳು. ಈ ಸಲ ಕಿಟಕಿ ದೊಡ್ಡದು, ಹೆಚ್ಚುಕಡಿಮೆ ಇಡೀ ಹಾಳೆ. ನನ್ನ ಬೆನ್ನು, ಜಡೆ, ಎತ್ತಿದ ಕೈ. ಕಿಟಕಿಯ ಆಚೆ ಏನೂ ಬರೆದಿರಲಿಲ್ಲ, ಬಿಳಿಯಾಗಿ ಬಿಟ್ಟಿದ್ದಳು. ಆಮೇಲೆ ಹಾಳೆಯನ್ನು ನನ್ನ ಮುಂದಕ್ಕೆ ಸರಿಸಿ, ಅದರ ಮೇಲೆ ತನ್ನ ಬ್ರಶ್ಶು ಇಟ್ಟಳು. ಅವತ್ತು ಊಟದ ಮೇಜಿನ ಮುಂದೆ ಕೂತಿದ್ದವಳಿಗೆ ಆಚೆ ಏನಿತ್ತೆಂದು ಕಾಣಿಸಿರಲಿಲ್ಲ. ಕಂಡವಳು ನಾನೊಬ್ಬಳೇ.

ಬರೆದೆ. ಅಂಗಳ. ತೊಟ್ಟಿಯ ಬಾಯಿ, ಪಕ್ಕಕ್ಕೆ ಸರಿದ ಮುಚ್ಚಳ. ಸೈಕಲ್ಲು. ಗೋಲಿಯನ್ನು ಬರೆಯುವಾಗ ಕೈ ನಿಂತುಹೋಯಿತು. ಅವಳು ನನ್ನ ಮೊಣಕೈಗೆ ತನ್ನ ಕೈ ಆನಿಸಿದಳು. ಅವನನ್ನು ಬರೆದೆ. ಕೊನೆಗೆ ನಿಮ್ಮನ್ನು ಬರೆದೆ. ಬಾಯಿ ತೆರೆದು ಕೂಗುತ್ತಿರುವ ಹಾಗೆ. ನನ್ನ ಕೈಗೆ ಸಿಕ್ಕಿ ಥೇಟ್ ಕಪ್ಪೆಯ ಹಾಗಾದಿರಿ. ಬ್ರಶ್ಶು ಕೆಳಗಿಟ್ಟು, ಮಗಳ ಮುಖ ನೋಡಿ ಹೇಳಿದೆ: “ಕೇಳಿಸಿತ್ತು. ಅಪ್ಪ ಕೂಗಿದ್ದು ನಂಗೆ ಕೇಳಿಸಿತ್ತು.”

ಮೇಡಂ ಸಿಂಕಿನ ಹತ್ತಿರ ಬ್ರಶ್ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದರು. ತಿರುಗಿ ನೋಡಲಿಲ್ಲ.

ಮಗಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಆಮೇಲೆ ದನಿ ಬಂತು. ಅವಳ ದನಿ ಅಲ್ಲ ಎನ್ನಿಸುವಷ್ಟು ಒಡಕಾಗಿತ್ತು, ತುಕ್ಕು ಹಿಡಿದಿತ್ತು.

“ಅಪ್ಪಂಗೆ ಹೇಳು.”

ಅಷ್ಟೇ. ಎರಡೇ ಮಾತು. ನಾನು ತಬ್ಬಿಕೊಳ್ಳಲು ಹೋದೆ. ಅವಳು ಹಿಂದೆ ಸರಿದಳು. ಅದೂ ಸರಿಯೇ.

ಅವಳು ಮೊದಲಿನ ಹಾಗಾಗಿದ್ದಾಳೆ ಎಂದು ಆಸೆ ಇಟ್ಟುಕೊಳ್ಳಬೇಡಿ. ನಾಲ್ಕು ದಿನದಲ್ಲಿ ‘ನೀರು’, ‘ಬೇಡ’, ‘ಸಾಕು’ ಎಂದಿದ್ದಾಳೆ. ನಿನ್ನೆ ಚಿತ್ರದ ಹಾಳೆಯನ್ನು ಸುರುಳಿ ಸುತ್ತುತ್ತಾ ‘ಇದು ಅಪ್ಪಂಗೆ’ ಎಂದಳು. ಕಿವಿಯ ಹಿಂದೆ ಕೂದಲು ಮೊಳೆಯುತ್ತಿದೆ. ಇವತ್ತು ಫೋನಿನಲ್ಲಿ ನಿಮ್ಮ ಜೊತೆ ಮಾತಾಡುತ್ತಾಳೆ ಎಂದು ಕಾದೆ, ಮಾತಾಡಲಿಲ್ಲ. ಮೊದಲು ನಾನು ಹೇಳಲಿ ಎಂದು ಕಾಯುತ್ತಿದ್ದಾಳೆ.

ನಿನ್ನೆ ಅಣ್ಣನ ಮನೆಗೆ ಹೋಗಿ ಅವನಿಗೂ ಹೇಳಿದೆ. ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತ. ಆಮೇಲೆ ಎದ್ದು ಒಳಗೆ ಹೋದವನು ಹೊರಗೆ ಬರಲಿಲ್ಲ. ಅತ್ತಿಗೆ, ನೀನಿನ್ನು ಹೋಗು, ಎಂದರು. ನಾಳೆ ಠಾಣೆಗೆ ಹೋಗಿ ಬರೆದು ಕೊಡುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮಮ್ಮನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನೀವು ಹೇಳಿದರೆ ತಪ್ಪಿಲ್ಲ.

ಮುಂದಿನ ವಾರ ಶಾಲೆಗೆ ರಜೆ. ಶನಿವಾರ ಬೆಳಗಿನ ಬಸ್ಸಿಗೆ ಮೇಡಂ ನಿಮ್ಮ ಕಡೆ ಬರುವವರಿದ್ದಾರೆ, ಅವರ ತಂಗಿ ಅಲ್ಲಿದ್ದಾರಂತೆ. ಅವರ ಜೊತೆ ಮಗಳನ್ನು ಕಳಿಸುತ್ತೇನೆ. ರಜೆ ಮುಗಿದ ಮೇಲೂ ಅವಳು ಅಲ್ಲೇ ಇರುತ್ತೇನೆ ಎಂದರೆ ಇಟ್ಟುಕೊಳ್ಳಿ. ನಾನು ಬಾ ಎನ್ನುವುದಿಲ್ಲ.

ಕ್ಷಮಿಸಿ ಎಂದು ಬರೆಯುತ್ತಿಲ್ಲ. ಬರೆದರೆ ಉತ್ತರ ಕೊಡುವ ಭಾರ ನಿಮ್ಮ ಮೇಲೆ ಬೀಳುತ್ತದೆ, ಹೊರಿಸಿದ್ದು ಸಾಕು. ನಿಮಗೆ ಒಂದೇ ಒಂದು ವಿಷಯ ತಿಳಿದರೆ ನನಗೆ ಸಾಕು. ನೀವು ಕೂಗಿದ್ದಿರಿ. ಜೋರಾಗಿ, ಸ್ಪಷ್ಟವಾಗಿ, ನಿಂತು, ನನ್ನ ಉತ್ತರ ಕೇಳಿಸಿಕೊಂಡೇ ಹೋದಿರಿ. ನಿಮ್ಮ ತಲೆ ಕೆಟ್ಟಿಲ್ಲ. ನಿಮ್ಮ ನೆನಪು ಸರಿಯಾಗಿದೆ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆಘಾತಕ್ಕೆ ಅವಳ ಮಾತು ನಿಂತಿತು ಎಂದು ಮೇಲೆ ಬರೆದಿದ್ದೇನಲ್ಲ, ಅದೂ ಸುಳ್ಳು. ಡಾಕ್ಟರಿಗೂ ಮೇಡಂಗೂ ಇದು ಗೊತ್ತಿಲ್ಲ. ಅವತ್ತು ಪೊಲೀಸರು ಹೋದ ಮೇಲೆ ಅವಳು ನನ್ನ ಹತ್ತಿರ ಬಂದು, “ಅಮ್ಮಾ, ಅಪ್ಪ ಕೂಗಿದ್ರಲ್ಲ, ನೀನು ಕೈ ಎತ್ತಿದ್ಯಲ್ಲ,” ಎಂದಳು. ನಾನು ಅವಳ ಎರಡೂ ಕೆನ್ನೆ ಹಿಡಿದು, ಉಗುರು ಊರುವಷ್ಟು ಒತ್ತಿ, “ಇನ್ಮೇಲೆ ನೀನು ಬಾಯಿ ಬಿಡಬೇಡ,” ಎಂದೆ. ಆ ಒಂದು ವಿಷಯಕ್ಕೆಂದು ಹೇಳಿದ್ದೆ. ಎಂಟು ವರ್ಷದ ಮಗು. ಎರಡು ವರ್ಷ ನಾಲ್ಕು ತಿಂಗಳು ನನ್ನ ಮಾತು ಮೀರಲಿಲ್ಲ.